ಭಾನುವಾರದ ಮಾತು: ಬ್ಯಾಟರಿಯ ಗುಡ್‌ಇನಫ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ನಾವು ಮಾತಾಡೋದು ಲಿಥಿಯಂ ಬ್ಯಾಟರಿಗೆ ದಾರಿ ಮಾಡಿಕೊಟ್ಟ ಅಮೆರಿಕದ ವಿಜ್ಞಾನಿ ಜಾನ್ ಗುಡ್‌ಇನಫ್ ಬಗ್ಗೆ. 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ, ಅಷ್ಟು ವಯಸ್ಸಿನಲ್ಲಿ ಆ ಬಹುಮಾನ ಪಡೆದವರು ಬೇರೆ ಯಾರೂ ಇಲ್ಲ.

ಬ್ಯಾಟರಿ ಅವರ ಕೈಗೆ ಬಂದದ್ದು ತಡವಾಗಿ. ಮೊದಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಲ್ಯಾಬಿನಲ್ಲಿ ಕಂಪ್ಯೂಟರ್ ಮೆಮೊರಿಯ ಕೆಲಸ. ಸಾಸಿವೆ ಕಾಳಿನಂಥ ಫೆರೈಟ್ (ಕಬ್ಬಿಣದ ಆಕ್ಸೈಡ್ ಇರುವ ಕಾಂತೀಯ ವಸ್ತು) ಬಳೆಗಳು, ಅವುಗಳೊಳಗೆ ಪೋಣಿಸಿದ ತಂತಿಗಳು. ಬಳೆಯ ಕಾಂತತ್ವ ಒಂದು ಕಡೆ ತಿರುಗಿದರೆ 0, ಇನ್ನೊಂದು ಕಡೆ ತಿರುಗಿದರೆ 1. ಆಗ ಆಕ್ಸೈಡ್‌ಗಳ ಬಗ್ಗೆ ಕಲಿತದ್ದೇ ಮುಂದೆ ಆಕ್ಸ್‌ಫರ್ಡಿನಲ್ಲಿ ಕೆಲಸಕ್ಕೆ ಬಂತು ಅಂತ ನನಗನ್ನಿಸುತ್ತದೆ. ಅಲ್ಲಿ 1980ರಲ್ಲಿ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್‌ನಿಂದ ಸುಮಾರು 4 ವೋಲ್ಟ್ ತೆಗೆಯಿತು. ಇದರಲ್ಲಿ ಪದರಗಳಿರುತ್ತವೆ, ಚಾರ್ಜ್ ಮಾಡುವಾಗ ಲಿಥಿಯಂ ಆ ಪದರಗಳ ನಡುವಿನಿಂದ ಹೊರಗೆ ಬರುತ್ತದೆ, ಬಳಸುವಾಗ ವಾಪಸ್ ಹೋಗಿ ಕೂರುತ್ತದೆ. 1991ರಲ್ಲಿ ಸೋನಿ ಇದೇ ಆಕ್ಸೈಡ್ ಬಳಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು.

ನಿವೃತ್ತಿ ಹತ್ತಿರ ಬಂದಾಗ ಸುಮ್ನೆ ಕೂರಲಿಲ್ಲ, 1986ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಬ್ಯಾಟರಿಗೆ ಇನ್ನೊಂದು ವಸ್ತುವಾದ ಲಿಥಿಯಂ ಐರನ್ ಫಾಸ್ಫೇಟ್ ಬಗ್ಗೆ 1997ರಲ್ಲಿ ಬಂದ ಲೇಖನದ ಮೇಲಿನ ಹೆಸರುಗಳನ್ನು ನೋಡಿ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೋಬಾಲ್ಟ್ ಬೇಡ, ಬೆಂಕಿಯ ಭಯ ಕಡಿಮೆ. ಇವತ್ತು ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಇರೋದು ಅದೇ.

ಹಳೆ ಮೊಬೈಲ್ ಬ್ಯಾಟರಿ ಇದ್ದರೆ ತನ್ನಿ, ಅದರ ಮೇಲೆ ಬರೆದ ವೋಲ್ಟ್ ಒಟ್ಟಿಗೆ ಓದೋಣ. ಉಬ್ಬಿದ್ದು ಮಾತ್ರ ಬೇಡ. ಮನೆಯಲ್ಲಿ ಯಾರೂ ಬಿಚ್ಚಲು ಹೋಗಬೇಡಿ. ಮಕ್ಕಳನ್ನೂ ಕರೆತನ್ನಿ.