ಕಾಫಿ ಹುರಿಯಲು ಹೊರಟ ಗೆಳೆಯನಿಗೆ

ಸುಂಟಿಕೊಪ್ಪ,
ಕಕ್ಕಡ ತಿಂಗಳು

ಪ್ರೀತಿಯ ಗೆಳೆಯಾ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಫೋನಿನಲ್ಲೇ ಹೇಳೋಣವೆಂದರೆ ಇಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೇ ಈ ಕಾಗದ. ನಿನ್ನ ಹಾಗೆ ಕೇಳುವವರು ಇನ್ನೂ ಕೆಲವರಿದ್ದಾರೆ, ಹಾಗಾಗಿ ಎಲ್ಲರೂ ಓದಲಿ ಅಂತ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಹೆದರಬೇಡ.

ಶನಿವಾರಸಂತೆಯಲ್ಲಿ ಅಪ್ಪನ ತೋಟ ಇದೆ, ಬೆಂಗಳೂರಿನ ಕೆಲಸ ಬಿಡುತ್ತೇನೆ, ಒಂದು ಸಲಕ್ಕೆ ಐದು ಕಿಲೋ ಹುರಿಯುವ ರೋಸ್ಟರ್ ತರಿಸುತ್ತೇನೆ, ಗಿರಾಕಿಗಳು ಸಿಗುವುದು ಹೇಗೆ ಹೇಳು ಅಂದಿದ್ದೀಯ. ಲೋಗೋ ಇದೆ, ಮಡಿಕೇರಿಯಲ್ಲಿ ಬೆಟ್ಟ ಕಾಣುವ ಕೆಫೆಯ ಕನಸಿದೆ. ಹಣ್ಣು ಕೊಯ್ಯುವವರ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ ಮಾರಾಯ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮಲ್ಲಿ ಕೊಯ್ಲು ಕಿಲೋ ಲೆಕ್ಕ ತಾನೇ? ಕಿಲೋಗೆ ಇಷ್ಟು ಅಂತ ಕೊಟ್ಟರೆ ಯಾರೇ ಆದರೂ ಗೆಲ್ಲು ಹಿಡಿದು ಎಳೆಯುತ್ತಾರೆ. ಹಸಿರು ಕಾಯಿ, ದೋರೆಗಾಯಿ, ಹಣ್ಣು, ಗಿಡದಲ್ಲೇ ಒಣಗಿದ್ದು, ಎಲ್ಲ ಒಂದೇ ಚೀಲಕ್ಕೆ. ಅವರನ್ನು ಬೈದು ಪ್ರಯೋಜನವಿಲ್ಲ, ನಾವು ಕೂಲಿ ಕೊಡುವ ರೀತಿಯೇ ಹಾಗೆ ಮಾಡಿಸುತ್ತದೆ. ಹಸಿರು ಕಾಯಿ ಸೇರಿದರೆ ಕಾಫಿಗೆ ಒಗರು ಬರುತ್ತದೆ, ಎಷ್ಟು ಲಕ್ಷದ ರೋಸ್ಟರ್ ತಂದರೂ ಹೋಗುವುದಿಲ್ಲ. ರುಚಿ ನೋಡುವವರು ನೂರಕ್ಕೆ 80 ಅಂಕ ಕೊಟ್ಟರೆ ತಾನೇ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ ಅನ್ನುವುದು? ಆ ಅಂಕ ನಿರ್ಧಾರವಾಗುವುದು ಗಿಡದ ಬುಡದಲ್ಲಿ, ಬೆನ್ನಿಗೆ ಬಿಸಿಲು ಬೀಳುತ್ತಿರುವಾಗ ಒಬ್ಬಳು ಹೆಂಗಸು ಹಸಿರು ಕಾಯಿಯನ್ನು ಬಿಟ್ಟು ಕೆಂಪು ಹಣ್ಣಿಗೆ ಮಾತ್ರ ಕೈ ಹಾಕುತ್ತಾಳೋ ಇಲ್ಲವೋ ಅನ್ನುವುದರಲ್ಲಿ. ನಮ್ಮಲ್ಲಿ ಆ ಕೊಯ್ಲಿಗೆ ದಿನಗೂಲಿ, ಚೀಲ ಚೊಕ್ಕಟವಾಗಿದ್ದರೆ ಅದರ ಮೇಲೊಂದಿಷ್ಟು. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಬೇಕು, ಖರ್ಚು ಜಾಸ್ತಿಯೇ.

ದುಡ್ಡು ಕೊಟ್ಟರಷ್ಟೇ ಸಾಲದು. ಕೆಲಸದವರ ಲೈನ್ ಮನೆಯ ಮುಂದೆ ಒಂದು ಸಂಜೆ ಎರಡು ಬಗೆಯ ಕಾಫಿ ಮಾಡಿ ಕೊಟ್ಟೆ: ಎಳೆದು ಕೊಯ್ದದ್ದು ಒಂದು, ಆರಿಸಿ ಕೊಯ್ದದ್ದು ಇನ್ನೊಂದು. ಎಂದೂ ಬೆಲ್ಲದ ಕಾಫಿ ಬಿಟ್ಟು ಬೇರೆ ಕುಡಿಯದ ಒಬ್ಬ ಅಕ್ಕ ಎರಡನೆಯದನ್ನು ಕುಡಿದು, ಇದಕ್ಕೆ ಬೆಲ್ಲ ಕಮ್ಮಿ ಸಾಕು ಅಂದಳು. ಈಗ ಚೀಲ ಸುರಿಯುವಾಗ ಹಸಿರು ಕಂಡರೆ ಮೇಸ್ತ್ರಿಗಿಂತ ಮೊದಲು ಅವಳೇ ಬೈಯುವುದು. ಅವಳ ಮಗಳ ಶಾಲೆ ಫೀಸು, ಗಂಡನ ಆಸ್ಪತ್ರೆ ಎಲ್ಲ ನಮ್ಮ ಮನೆಯ ಮಾತೂ ಆಗಿದೆ. ಅಸ್ಸಾಮಿನಿಂದ ಬರುವ ಹುಡುಗರು ಮುಂದಿನ ವರ್ಷವೂ ನಮ್ಮಲ್ಲಿಗೇ ಬರುವ ಹಾಗೆ ಮಾಡುವುದು ಇನ್ನೂ ಕಷ್ಟ. ನಾಲ್ಕು ತೋಟದವರು ಅವರಿಗಾಗಿ ಕಾಯುತ್ತಿರುತ್ತಾರೆ.

ಇನ್ನು ಅಕ್ಕಪಕ್ಕದವರು. ನಮ್ಮದು ಸಣ್ಣ ತೋಟ, ಸುತ್ತಲಿನ ಕೆಲವು ಮನೆಗಳ ಹಣ್ಣು ಸೇರದೆ ವ್ಯಾಪಾರ ನಡೆಯದು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿನೊಳಗಿನವು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಅಂದರೆ ಪಲ್ಪರ್ ಇಲ್ಲದವರು ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ, ಚೆರಿ ಮಾಡಿ ವ್ಯಾಪಾರಿಗೆ ಕೊಡುತ್ತಾರೆ. ಪಕ್ಕದ ಮನೆಯ ಅಜ್ಜ ಪೂಲಿಂಗ್ ಕಾಲ ಕಂಡವರು. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೆ ಹಾಕಬೇಕು, ದುಡ್ಡು ಕಂತು ಕಂತಾಗಿ ಬರಬೇಕು. 1990ರ ದಶಕದಲ್ಲಿ ಸಡಿಲಿಸುತ್ತಾ ಬಂದು 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಆಮೇಲೆ ಎಲ್ಲರಿಗೂ ನಾವು ಬೆಳೆಯುವ ಎರಡು ಜಾತಿಯ ಕಾಫಿಯಲ್ಲಿ ರೋಬಸ್ಟಾಕ್ಕೆ ಲಂಡನ್ ದರ, ಅರೇಬಿಕಾಕ್ಕೆ ನ್ಯೂಯಾರ್ಕ್ ದರ ನೋಡುವ ಚಟ ಹತ್ತಿತು. ‘ನಮ್ಮ ಕಾಫಿ ಕುಡಿಯುವುದು ಯಾರು ಅಂತ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ’ ಅನ್ನುತ್ತಿದ್ದರು ಅಜ್ಜ. ಅವರ ಹಣ್ಣಿನ ಮೊದಲ ಪ್ಯಾಕೆಟ್ ಮೇಲೆ ಅವರ ಊರಿನ ಹೆಸರು ಹಾಕಿ ಕೊಟ್ಟಾಗ ಕನ್ನಡಕ ತರಿಸಿ ಓದಿದರು. ನಂತರ ಕೇಳಿದ್ದು ಮಾತ್ರ, ಇದಕ್ಕೆ ಎಷ್ಟು ಬೆಲೆ ಹಾಕಿದ್ದೀಯ ಅಂತ! ಲೆಕ್ಕ ಬಿಡಿಸಿ ಹೇಳಬೇಕಾಯಿತು.

ಆ ಲೆಕ್ಕ ನಿನಗೂ ಬೇಕು. ಸಿಪ್ಪೆಯೆಲ್ಲ ತೆಗೆದ ಒಂದು ಕಿಲೋ ಶುದ್ಧ ಬೀಜಕ್ಕೆ ಅರೇಬಿಕಾ ಹಣ್ಣು ಐದೂವರೆ ಆರು ಕಿಲೋ ಬೇಕು. ಹುರಿದರೆ ನೂರಕ್ಕೆ 15-20 ತೂಕ ಹೋಗುತ್ತದೆ. ಅಂದರೆ ಕಾಲು ಕಿಲೋ ಪ್ಯಾಕೆಟ್ಟಿನೊಳಗೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಕಿಲೋ ಹಣ್ಣು ಕೂತಿದೆ. ಮೇಲೆ ಕೊಯ್ಲು, ಕರೆಂಟು, ವಾಲ್ವ್ ಇರುವ ಪೌಚು, ಕೊರಿಯರ್.

ದರದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಅಕ್ಕಪಕ್ಕದವರ ಹತ್ತಿರ ವರ್ಷಕ್ಕೆ ಇಷ್ಟೇ ಅಂತ ಬೆಲೆ ಕಟ್ಟಬೇಡ. 2024ರಲ್ಲಿ ರೋಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಮೊದಲೇ ಬೆಲೆ ಕಟ್ಟಿದ್ದವರ ಮಾತುಗಳೆಲ್ಲ ಮುರಿದುಬಿದ್ದವು, ಮುರಿದವರನ್ನು ದೂರುವಂತೆಯೂ ಇರಲಿಲ್ಲ. ಮಗಳ ಮದುವೆ ಇಟ್ಟುಕೊಂಡವನು ಸ್ನೇಹ ನೋಡಿಕೊಂಡು ನಷ್ಟ ಮಾಡಿಕೊಳ್ಳಬೇಕೇ? ನಾವು ಆ ದಿನದ ಪೇಟೆ ದರವನ್ನು ಹಣ್ಣಿನ ಲೆಕ್ಕಕ್ಕೆ ಇಳಿಸಿ, ಅದರ ಮೇಲೆ ಮೊದಲೇ ಮಾತಾದಷ್ಟು ಸೇರಿಸಿ, ಅದೇ ಸಂಜೆ ಕೊಡುತ್ತೇವೆ. ಹಣ್ಣು ತೊಟ್ಟಿಗೆ ಸುರಿದು ತೇಲಿದ ಜೊಳ್ಳನ್ನು ಅವರ ಎದುರೇ ತೆಗೆದು, ಅದನ್ನು ಅವರ ಚೀಲಕ್ಕೇ ವಾಪಸು ಹಾಕುತ್ತೇವೆ. ವಾಪಸು ಕೊಡುವಾಗ ಮುಖ ಸಣ್ಣದಾಗುವುದು ನೋಡಲು ಕಷ್ಟ. ಆದರೂ ಸ್ನೇಹಕ್ಕೆ ಅಂತ ಒಂದು ಚೀಲ ಸಡಿಲ ಬಿಟ್ಟರೆ ಮಾರನೇ ದಿನ ಎಲ್ಲರ ಚೀಲವೂ ಸಡಿಲ.

ನಿಮ್ಮ ಕಡೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕುವವರು ಹೆಚ್ಚುತ್ತಿದ್ದಾರೆ ಅಂದೆಯಲ್ಲ, ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕದ ಜೊತೆ ಗುದ್ದಾಡಿ ಸಾಕಾಗಿದೆ ಅವರಿಗೆ. ನಿನ್ನ ಪಕ್ಕದವನು ಹಳೆಯ ಅರೇಬಿಕಾ ತಳಿ ಎಸ್.795ರ ಗಿಡ ಉಳಿಸಿಕೊಳ್ಳಬೇಕಾದರೆ ಕೈಗೆ ಏನಾದರೂ ಹೆಚ್ಚು ಬರಬೇಕು. ಜಿ.ಐ., ಅಂದರೆ ಭೌಗೋಳಿಕ ಗುರುತಿನ ಮೇಲೆ ನೀನು ಬಹಳ ಭರವಸೆ ಇಟ್ಟಿದ್ದೀಯ. ಕೊಡಗು ಅರೇಬಿಕಾಕ್ಕೆ 2019ರಲ್ಲಿ ಬಂತು, ಒಳ್ಳೆಯದೇ. ಹೆಸರು ನೋಂದಾಯಿಸಿ ಬಳಸು. ಅದು ಸೀಮೆಯ ಹೆಸರು ಹೇಳುತ್ತದೆ, ನಿನ್ನ ಪಕ್ಕದವನ ಸಾಲ ತೀರಿಸುವುದಿಲ್ಲ. ಮತ್ತೆ ರೋಬಸ್ಟಾ ಅಂದರೆ ಮೂಗು ಮುರಿಯುವುದನ್ನು ಬಿಡು. ಕೊಡಗಿನಲ್ಲಿ ಬೆಳೆಯುವುದರಲ್ಲಿ ಬಹುಪಾಲು ಅದೇ. ಚೆನ್ನಾಗಿ ಪಲ್ಪ್ ಮಾಡಿ ತೊಳೆದ ರೋಬಸ್ಟಾ ಕುಡಿದು ನೋಡಿ ಆಮೇಲೆ ಮಾತಾಡು.

ಪಲ್ಪರ್ ತರುವ ಮೊದಲು ತೊರೆಯ ಕೆಳಗೆ ಯಾರ ಗದ್ದೆ ಇದೆ ನೋಡು. ಪಲ್ಪಿಂಗ್ ನೀರು ಹುಳಿ, ತೊರೆಗೆ ಬಿಟ್ಟರೆ ನಾರುತ್ತದೆ, ಮೀನು ಸಾಯುತ್ತವೆ. ಗುಂಡಿ ತೆಗೆದು ಸುಣ್ಣ ಹಾಕಿ ಇಂಗಿಸುವ ವ್ಯವಸ್ಥೆ ಮೊದಲು, ಯಂತ್ರ ಆಮೇಲೆ. ಪ್ಯಾಕೆಟ್ ಮೇಲೆ ಸಮುದಾಯ, ಪರಿಸರ ಅಂತ ಬರೆದುಕೊಂಡು ಕೆಳಗಿನ ಗದ್ದೆಯವರ ಶಾಪ ಹಾಕಿಸಿಕೊಂಡರೆ ಊರಲ್ಲಿ ನಿನ್ನ ಕಾಫಿಯನ್ನು ಯಾರೂ ಮುಟ್ಟುವುದಿಲ್ಲ.

ಗಿರಾಕಿಗಳು ಅಂದೆಯಲ್ಲ. ನಮಗೆ ಮೊದಲು ಸಿಕ್ಕಿದ್ದು ಹೋಮ್‌ಸ್ಟೇ ನಡೆಸುವ ಒಬ್ಬರು ಆಂಟಿ. ಅವರ ಅತಿಥಿಗಳು ಬೆಳಿಗ್ಗೆ ಕುಡಿದ ಕಾಫಿ ಯಾವುದು ಅಂತ ಕೇಳಿ, ನಮ್ಮ ಕಣಕ್ಕೇ ನಡೆದು ಬರುತ್ತಿದ್ದರು. ಬಲೆಮಂಚದ ಮೇಲೆ ಒಳಸಿಪ್ಪೆ ಇರುವ ಬೀಜ, ಅಂದರೆ ಪಾರ್ಚ್‌ಮೆಂಟ್ ಕೈಯಾಡಿಸಿ, ಕೊಯ್ಯುವವರ ಜೊತೆ ಮಾತಾಡಿ ಹೋದವರು ಬೆಂಗಳೂರು, ಮೈಸೂರಿಗೆ ಹೋದ ಮೇಲೂ ತರಿಸುತ್ತಾರೆ. ದರ ಏರಿದ ವರ್ಷ ಪ್ಯಾಕೆಟ್ ಬೆಲೆ ಏರಿಸಲೇಬೇಕಾಯಿತು. ಅಜ್ಜನಿಗೆ ಹೇಳಿದ ಅದೇ ಲೆಕ್ಕವನ್ನು ಎಲ್ಲರಿಗೂ ಬರೆದು ಕಳಿಸಿದೆವು. ಕೆಲವರು ಬಿಟ್ಟರು. ಉಳಿದವರು, ಕೊಯ್ಯುವವರಿಗೂ ಏರಿಸಿದಿರಾ ಅಂತ ತಿರುಗಿ ಕೇಳಿದರು. ಅಂಥ ಪ್ರಶ್ನೆ ಕೇಳುವ ಗಿರಾಕಿ ಸಿಕ್ಕರೆ ಸ್ವಲ್ಪ ಭಯವೂ ಆಗುತ್ತದೆ, ಆಗಲಿ.

ಊರಿನವರನ್ನು ಮರೆಯಬೇಡ. ಇಲ್ಲಿನವರಿಗೆ ಫಿಲ್ಟರ್ ಕಾಫಿಗೆ ಚಿಕೋರಿ ಬೇಕು. ಸ್ಪೆಷಾಲಿಟಿಯವರು ಕೇಳಿದರೆ ಮೈಲಿಗೆ ಅನ್ನುತ್ತಾರೆ. ನಾನು ನೂರಕ್ಕೆ ಇಪ್ಪತ್ತು ಹಾಕಿ, ಪ್ಯಾಕೆಟ್ ಮೇಲೆ ಹಾಗೇ ಬರೆದು ಕೊಡುತ್ತೇನೆ. ನಮ್ಮವರು ಒಳ್ಳೆಯ ಬೀಜವನ್ನೆಲ್ಲ ಮಾರಿ, ಕಪ್ಪು ತುಂಡು ಬೀಜ ಪುಡಿ ಮಾಡಿಕೊಂಡು ಕುಡಿದು ಬೆಳೆದವರು. ಚಿಕೋರಿಯ ಜೊತೆಗಾದರೂ ಒಳ್ಳೆಯ ಬೀಜ ಅವರ ಮನೆಗೆ ಹೋಗಲಿ.

ಈ ಮಳೆಯಲ್ಲಿ ಬರಬೇಡ, ನೋಡಲು ಏನೂ ಇಲ್ಲ. ಪುತ್ತರಿ ಹಬ್ಬ ಕಳೆದು ಕೊಯ್ಲು ಜೋರಾದಾಗ ಬಾ, ನಾಲ್ಕು ದಿನ ಇರು, ರಾತ್ರಿ ಪಲ್ಪರ್ ಹತ್ತಿರ ನಿಲ್ಲುವ ಕೆಲಸ ನಿನಗೆ. ಅಷ್ಟರಲ್ಲಿ ನಿಮ್ಮ ತೋಟದಲ್ಲಿ ಕೊಯ್ಯಲು ಬರುವವರು ಯಾರು ಯಾರು, ಯಾರ ಮನೆಗೆ ಏನು ಬಾಕಿ ಇದೆ ಅಂತ ಅಮ್ಮನ ಹತ್ತಿರ ಕೂತು ಬರೆದುಕೋ. ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ. ಕಳೆದ ಸಲದ ಪಾರ್ಚ್‌ಮೆಂಟ್ ಉಳಿದಿದ್ದರೆ ಸಿಪ್ಪೆ ತೆಗೆಸದೆ ಒಂದೆರಡು ಕಿಲೋ ಕಳಿಸು, ಹುರಿದು ನೋಡೋಣ.

ರೋಸ್ಟರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಐದು ಕಿಲೋದ್ದರ ಬದಲು ಒಂದು ಕಿಲೋದ್ದು ಕೊಡುತ್ತಾರಾ ಅಂತ ನಾಳೆಯೇ ಕೇಳು.

ಇಂತಿ ನಿನ್ನವ