ಯಾರ ಎಡ, ಯಾರ ಬಲ?

ಪ್ರೀತಿಯ ಮಾಣಿ,

ಅನಾಟಮಿ ಪರೀಕ್ಷೆಯಲ್ಲಿ ಎಡ ಕಿಡ್ನಿಯನ್ನು ಬಲ ಅಂತ ಬರೆದು ಬಂದೆಯಂತೆ, ನಿನ್ನ ಆಯಿ ಫೋನ್ ಮಾಡಿದ್ದಳು. ಬೇಜಾರು ಮಾಡ್ಕೋಬೇಡ. ಎಕ್ಸ್‌ರೇ ಕೋಣೆಯಲ್ಲೇ ಕೂದಲು ಹಣ್ಣಾದ ನಿನ್ನ ಮಾವನೂ ಇದೇ ಹೊಂಡಕ್ಕೆ ಬಿದ್ದವನು.

ಕಾರವಾರದಲ್ಲೇ ಇದ್ದೀಯಲ್ಲ, ಒಂದು ಸಂಜೆ ಕಾಳಿ ಸೇತುವೆ ಕಡೆ ಹೋಗು. ಸದಾಶಿವಗಡ ನಿನ್ನ ಎಡಕ್ಕೋ ಬಲಕ್ಕೋ ಅನ್ನೋದು ನೀನು ಎತ್ತ ತಿರುಗಿ ನಿಂತಿದ್ದೀಯ ಅನ್ನೋದರ ಮೇಲೆ. ಆದರೆ ಕಾಳಿಗೆ ಅದು ಯಾವತ್ತೂ ಬಲದಂಡೆಯೇ, ಯಾಕಂದ್ರೆ ನದಿಯ ದಂಡೆಗಳನ್ನು ನೀರು ಹರಿಯುವ ಕಡೆ ಮುಖ ಮಾಡಿ ಲೆಕ್ಕ ಹಾಕುತ್ತಾರೆ. ದೇಹದ ಲೆಕ್ಕವೂ ಅಷ್ಟೇ. ಎಡ ಅಂದರೆ ರೋಗಿಯ ಎಡ, ನಿನ್ನದಲ್ಲ.

ಸಿಟಿ, ಎಂಆರ್‌ಐಗಳ ಅಡ್ಡ ಸೀಳು ನೋಡುವಾಗ, ರೋಗಿ ಅಂಗಾತ ಮಲಗಿದ್ದಾನೆ, ನೀನು ಅವನ ಕಾಲ ಬುಡದಲ್ಲಿ ನಿಂತು ತಲೆಯ ಕಡೆ ನೋಡುತ್ತಿದ್ದೀಯ ಅಂದ್ಕೋ. ಬೆನ್ನುಮೂಳೆ ಕೆಳಗೆ, ಅವನ ಬಲಗೈ ನಿನ್ನ ಎಡಕ್ಕೆ. ಹಾಗಾಗಿ ಲಿವರ್ ಪರದೆಯ ಎಡಭಾಗದಲ್ಲಿ, ಸ್ಪ್ಲೀನ್ (ಗುಲ್ಮ) ಬಲಭಾಗದಲ್ಲಿ. ಬೆನ್ನುಮೂಳೆಯ ಮುಂದೆ ಎರಡು ದೊಡ್ಡ ನಾಳ ಕಾಣುತ್ತವೆ, ಹೃದಯದಿಂದ ರಕ್ತ ಒಯ್ಯುವ ಅಯೋರ್ಟಾ ಅವನ ಎಡಕ್ಕೆ, ವಾಪಸ್ ತರುವ ವೀನಾ ಕೇವಾ ಬಲಕ್ಕೆ.

ಜಾಡಿಯಲ್ಲಿಟ್ಟ ದೇಹದ ಸೀಳುಗಳದ್ದೇ ಕಿರಿಕಿರಿ ಜಾಸ್ತಿ. ಬಾಳೆದಿಂಡಿನ ಬಿಲ್ಲೆಗೆ ಎರಡು ಮುಖ ಇರ್ತದಲ್ವಾ, ಇದಕ್ಕೂ ಹಾಗೇ. ಮೇಲಿನ ಮುಖ ನಿನ್ನ ಕಡೆಗಿದ್ದರೆ ಎಡಬಲ ಅದಲುಬದಲು. ಬೆನ್ನುಮೂಳೆ ಕೆಳಗಿದ್ದು ಲಿವರ್ ನಿನ್ನ ಬಲಕ್ಕೆ ಕಂಡರೆ, ನೀನು ಮೇಲಿಂದ ನೋಡ್ತಿದ್ದೀಯ ಅಂತ ಮೊದಲು ಅನುಮಾನ ಪಡು. ಮಿದುಳಿನಲ್ಲಿ ಈ ಉಪಾಯವೂ ನಡೆಯೋದಿಲ್ಲ, ಎರಡು ಕಡೆಯೂ ಸುಮಾರು ಒಂದೇ ಥರ. ಸಾಲದ್ದಕ್ಕೆ ಮಿದುಳಿನ ಸಂಶೋಧನೆ ಮಾಡುವವರಲ್ಲಿ ಕೆಲವರು ಎಡವನ್ನು ಎಡಕ್ಕೇ ತೋರಿಸುತ್ತಾರೆ. ಅಲ್ಲಿ ಅಂಚಿನಲ್ಲಿರುವ ಆರ್ (ಬಲ), ಎಲ್ (ಎಡ) ಅಕ್ಷರ ನೋಡದೆ ಬಾಯಿ ಬಿಡಬೇಡ.

ಈಗ ನನ್ನ ಕತೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬರ ಎದೆಯ ಎಕ್ಸ್‌ರೇ ತೆಗೆದೆ, ಎಡಬಲ ತೋರಿಸುವ ಸೀಸದ ಅಕ್ಷರ ಇಡೋದು ಮರೆತಿದ್ದೆ. ಫಿಲ್ಮ್ ತೊಳೆದು ನೋಡಿದರೆ ಹೃದಯ ಆಚೆ ಕಡೆ! ತಿರುವಿ ಹಿಡಿದಿದ್ದೇನೆ ಅಂದ್ಕೊಂಡು ಸುಮ್ನೆ ಮಗುಚಿ, ಪೆನ್ನಿನಲ್ಲಿ ಆರ್ ಅಂತ ಬರೆದು ಕಳಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಕರೆದರು. ಬೈಯಲಿಲ್ಲ, ಸ್ಟೆತಾಸ್ಕೋಪ್ ನನ್ನ ಕಿವಿಗೇ ಹಾಕಿದರು. ಎದೆಬಡಿತ ಜೋರಾಗಿ ಕೇಳುತ್ತಿದ್ದದ್ದು ಬಲಗಡೆ. ಸೈಟಸ್ ಇನ್‌ವರ್ಸಸ್, ಹೆಚ್ಚುಕಮ್ಮಿ 10,000 ಜನರಲ್ಲಿ ಒಬ್ಬರಿಗೆ ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಇರ್ತವೆ. ನನ್ನ ಫಿಲ್ಮ್‌ನಲ್ಲಿ ಮಾತ್ರ ಆ ಮನುಷ್ಯ ಎಲ್ಲರ ಹಾಗೇ ಇದ್ದ, ಹೊಟ್ಟೆಯ ಗಾಳಿಗುಳ್ಳೆ ಕೂಡ ಸರಿಯಾದ ಜಾಗದಲ್ಲಿ!

ಈಗ ಅಕ್ಷರ ಯಂತ್ರವೇ ಹಾಕ್ತದೆ ಅಂತ ನೀನು ಅನ್ನಬಹುದು. ಹಾಕ್ತದೆ, ಆದರೆ ರೋಗಿ ಅಂಗಾತ ಮಲಗಿದ್ದಾನೋ ಬೋರಲಾಗಿಯೋ, ಯಂತ್ರದೊಳಗೆ ತಲೆ ಮೊದಲು ಹೋಗಿದ್ದೋ ಕಾಲು ಮೊದಲೋ ಅಂತ ಟೆಕ್ನಿಷಿಯನ್ ತಪ್ಪಾಗಿ ಒತ್ತಿದ್ದರೆ ಅಕ್ಷರವೂ ತಪ್ಪೇ. ಅಕ್ಷರ ಒಂದು ಹೇಳಿ ಲಿವರ್ ಇನ್ನೊಂದು ಹೇಳಿದರೆ, ನೀನೇ ಸರಿಮಾಡಲು ಹೋಗಬೇಡ. ತೆಗೆದವನನ್ನು ಕೇಳು, ರೋಗಿಯನ್ನು ಮುಟ್ಟಿ ನೋಡು.

ಅಲ್ಲಿವರೆಗೆ ರಾತ್ರಿ ರೂಮಿನವನು ಮಲಗಿದ ಮೇಲೆ ಮಂಚದ ಕಾಲ ಬುಡದಲ್ಲಿ ನಿಂತು ಅವನ ಲಿವರ್, ಸ್ಪ್ಲೀನ್, ಕಿಡ್ನಿ ಎಲ್ಲೆಲ್ಲಿ ಅಂತ ಬೆರಳು ಮಾಡಿ ಅಭ್ಯಾಸ ಮಾಡು. ಎದ್ದು ಬೈದರೆ ಸಿರ್ಸಿ ಮಾವ ಹೇಳಿದ್ದು ಅನ್ನು.

ನಿನ್ನ ಮಾವ