ಸೈನ್ ಮಾಡೋ ಮೊದಲು: ಮಗಳಿಗೊಂದು ಪತ್ರ

ಪುಟ್ಟೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಆಫರ್ ಲೆಟರ್ ಪ್ರಿಂಟ್ ತೆಗೆಸಿಕೊಂಡು ಬಂದೆ. 14 ಹಾಳೆ. ಸಂಬಳದ ಹಾಳೆಯನ್ನು ಅಮ್ಮ ದೇವರ ಮುಂದೆ ಇಟ್ಟಳು. ಉಳಿದದ್ದನ್ನು ನಾನು ಪೆನ್ಸಿಲ್ ಹಿಡಿದು ಓದಿದೆ. "ಎಲ್ಲರೂ ಸುಮ್ನೆ ಸೈನ್ ಮಾಡ್ತಾರೆ ಅಪ್ಪಾ" ಅಂದೆಯಲ್ಲ, ಅದಕ್ಕೇ ಈ ಪತ್ರ.

ಕಂಪನಿಯ ಗುಟ್ಟು ಹೊರಗೆ ಬಿಡಬಾರದು ಅಂತ 9ನೇ ಹಾಳೆಯಲ್ಲಿದೆ. ಅದಕ್ಕೆ ಮೂಗು ಮುರಿಯಬೇಡ. ನಾನು ಮೈಸೂರಿನ ಅಗರಬತ್ತಿ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಪರಿಮಳ ಬೆರೆಸುವ ಕೋಣೆಗೆ ಯಜಮಾನರು ಮತ್ತು ಅವರ ಮಗ ಬಿಟ್ಟರೆ ಯಾರೂ ಕಾಲಿಡುವಂತಿರಲಿಲ್ಲ. ಎಣ್ಣೆ ಡಬ್ಬ ಬಂದ ದಿನವೇ ಮೇಲಿನ ಚೀಟಿ ಕಿತ್ತುಹಾಕಿ ನಂಬರ್ ಬರೆಯುತ್ತಿದ್ದರು. ನಾಲ್ಕು, ಏಳು, ಹನ್ನೊಂದು. ನನ್ನ ಲೆಕ್ಕದ ಪುಸ್ತಕದಲ್ಲೂ ಅಷ್ಟೇ: 'ಏಳನೇ ನಂಬರ್, 5 ಕೆಜಿ'. ಆ ಏಳು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದರ ವಾಸನೆ ಮಾತ್ರ ನಿನ್ನ ಸ್ಕೂಲ್ ಯೂನಿಫಾರ್ಮಿಗೂ ಅಂಟಿರುತ್ತಿತ್ತು, ಅಲ್ವಾ?

ಬತ್ತಿ ಹೊಸೆಯೋದರಲ್ಲಿ ಪಳಗಿದ ಒಬ್ಬಾಕೆ ಕೆಲಸ ಬಿಟ್ಟು ಪಕ್ಕದ ಬೀದಿಯ ಕಾರ್ಖಾನೆ ಸೇರಿದಳು. ಯಜಮಾನರು ಬಾಕಿ ಸಂಬಳದ ಜೊತೆ ಒಂದು ಸೀರೆ ಕೊಟ್ಟು ಕಳಿಸಿದರು. ಆಮೇಲೆ ಒಬ್ಬ ಸೇಲ್ಸ್ ಹುಡುಗ ಬಿಟ್ಟ. ಡೀಲರುಗಳ ವಿಳಾಸ, ಯಾರಿಗೆ ಎಷ್ಟು ಕಮಿಷನ್ ಅನ್ನೋದೆಲ್ಲ ಬರೆದಿದ್ದ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋದ. ಅವನಿಗೆ ಲಾಯರ್ ನೋಟಿಸ್ ಹೋಯಿತು. ನನಗೆ ಎರಡೂ ಸರಿ ಅನ್ನಿಸಿತ್ತು. ಕೈಗೆ ಹತ್ತಿದ ಕೆಲಸ ಅವಳದು, ಪುಸ್ತಕ ಅವರದು. ನಿಮ್ಮ ಕಾಲದಲ್ಲಿ ಪುಸ್ತಕದ ಬದಲು ಲ್ಯಾಪ್‌ಟಾಪ್. ಆಫೀಸ್ ಫೈಲನ್ನು 'ಮನೇಲಿ ನೋಡ್ತೀನಿ' ಅಂತ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡ.

ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ಧಂದೆಯ ಬೇರೆ ಕಂಪನಿ ಸೇರಬಾರದು ಅಂತ 12ನೇ ಹಾಳೆ ಹೇಳುತ್ತೆ. ಇದನ್ನು ಓದಿ ನಕ್ಕೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರ ದುಡಿಮೆಗೆ ಹೀಗೆ ಅಡ್ಡ ಹಾಕುವ ಕರಾರು ಅಷ್ಟರ ಮಟ್ಟಿಗೆ ನಿಲ್ಲೋದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಕೇಸು ಗೊತ್ತಾ? ಅವರ ಜಾಹೀರಾತು ವ್ಯವಹಾರ ನೋಡುತ್ತಿದ್ದ ಕಂಪನಿ, ಕರಾರು ಮುಗಿದ ಮೇಲೂ ಅವರನ್ನು ಕಟ್ಟಿಹಾಕಲು ನೋಡಿತು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಆದರೆ ಕರಾರಿನ ಅವಧಿ ಇನ್ನೂ ನಡೆಯುತ್ತಿರುವಾಗ ಮಾತು ಬೇರೆ. ಮಹಾರಾಷ್ಟ್ರದ ಕಲ್ಯಾಣ್ ಊರಿನಲ್ಲಿ ಟೈರಿನೊಳಗೆ ಹಾಕುವ ನೂಲಿನ ಕಾರ್ಖಾನೆಯ ನೌಕರನೊಬ್ಬ 5 ವರ್ಷದ ಕರಾರನ್ನು ನಡುವೆಯೇ ಬಿಟ್ಟು, ಅದೇ ಕೆಲಸಕ್ಕೆ ರಾಜಸ್ಥಾನದ ಕೋಟಾದ ಕಂಪನಿಗೆ ಹೋದ. ಮೊದಲ ಕಾರ್ಖಾನೆ ಗುಟ್ಟು ಕಾಪಾಡುವ ಮಾತು ಕೊಟ್ಟು ವಿದೇಶದಿಂದ ಆ ನೂಲು ಮಾಡುವ ತಂತ್ರ ತಂದಿತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ಕಾರ್ಖಾನೆಯ ಪರ ನಿಂತಿತು.

ಇನ್ನು ಬಾಂಡ್. ನಿದ್ದೆ ಕೆಡಿಸಿದ್ದು ಇದೇ. ಎರಡು ವರ್ಷದೊಳಗೆ ಬಿಟ್ಟರೆ ಕಂಪನಿಗೆ 3 ಲಕ್ಷ ಕಟ್ಟಬೇಕಂತೆ. "ಕೋರ್ಟಿನಲ್ಲಿ ಬಾಂಡ್ ನಡೆಯಲ್ಲ" ಅಂತ ನಿನ್ನ ಗೆಳತಿಯರು ಹೇಳಿದರೆ ನಂಬಬೇಡ. ನಮ್ಮ ವಿಜಯಾ ಬ್ಯಾಂಕಿನ ಮ್ಯಾನೇಜರ್ ಒಬ್ಬರು 3 ವರ್ಷ ಮುಗಿಯುವ ಮೊದಲೇ ಬಿಟ್ಟು, 2 ಲಕ್ಷ ಕಟ್ಟಿ, ಕೇಸು ಹಾಕಿದ್ದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮತ್ತೆ ಹೊಸಬರನ್ನು ಹುಡುಕಲು ಬ್ಯಾಂಕಿಗೆ ಖರ್ಚಿದೆ, ಅವರ ಹುದ್ದೆಯ ಸಂಬಳಕ್ಕೆ 2 ಲಕ್ಷ ಜಾಸ್ತಿಯಲ್ಲ ಅಂದಿತು ಕೋರ್ಟು. ಅದು ಸರ್ಕಾರಿ ಬ್ಯಾಂಕು, ನಿನ್ನದು ಖಾಸಗಿ ಕಂಪನಿ; ಆ ಲೆಕ್ಕ ನಿನಗೆ ಹಾಗೇ ಹೊಂದದಿರಬಹುದು. ಹಾಗಾಗಿ ಯಾವ ಟ್ರೇನಿಂಗಿಗೆ, ಎಷ್ಟು ಖರ್ಚಿಗೆ ಈ 3 ಲಕ್ಷ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಕೇಳು. ಒಂದು ವರ್ಷ ಕಳೆದ ಮೇಲೆ ಬಿಟ್ಟರೆ ಅರ್ಧಕ್ಕೆ ಇಳಿಸುತ್ತಾರಾ ಅಂತಲೂ ಕೇಳು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಜೆರಾಕ್ಸ್ ಕೊಡು, ಒರಿಜಿನಲ್ ತೋರಿಸಿ ವಾಪಸ್ ತಗೋ. ನನ್ನ ಮೊದಲ ಕೆಲಸದಲ್ಲಿ ಎಸ್ಸೆಸ್ಸೆಲ್ಸಿ ಕಾರ್ಡ್ ಮೂರು ವರ್ಷ ಅವರ ಬೀರುವಿನಲ್ಲೇ ಇತ್ತು. ಸರ್ಕಾರಿ ಕೆಲಸದ ಒಂದು ಅರ್ಜಿ ಹಾಗೇ ತಪ್ಪಿಹೋಯಿತು. ಅಮ್ಮನಿಗೂ ಈ ವಿಷಯ ಪೂರ್ತಿ ಹೇಳಿಲ್ಲ.

ಪೆನ್ಸಿಲ್ ಗುರುತು ಹಾಕಿದ ಹಾಳೆಗಳನ್ನು ನಾಳೆ ಕೊರಿಯರ್ ಮಾಡುತ್ತೇನೆ. ಸಂಬಳದ ಹಾಳೆ ಮಾತ್ರ ಬರೋದಿಲ್ಲ, ಅದಕ್ಕೆ ಆಗಲೇ ಕುಂಕುಮ ಹತ್ತಿದೆ.

ನಿನ್ನ ಅಪ್ಪ